ಉಣ್ಣದ ಮಗಳು, ಉಣ್ಣಲಾರದ ಮನೆ

ನಮ್ಮಕ್ಕನ ಮನೆ ಶಿವಮೊಗ್ಗದಲ್ಲಿ. ಆ ಮನೆಯಲ್ಲಿ ಊಟವೆಂದರೆ ಗಲಾಟೆ. ಅಕ್ಕ ಕಾವಲಿಯಿಂದ ಅಕ್ಕಿರೊಟ್ಟಿ ತೆಗೆಯುವುದೇ ತಡ, ಮಕ್ಕಳಿಬ್ಬರೂ ನನಗೆ ತನಗೆ ಎಂದು ಕಿತ್ತಾಡುತ್ತಿದ್ದರು. ಹನ್ನೆರಡು ವರ್ಷಗಳ ಹಿಂದೆ ಒಂದು ದಸರಾ ರಜೆಯಲ್ಲಿ ನಾನು ಹೋದಾಗ ಮನೆ ಸದ್ದಿಲ್ಲದೆ ಕೂತಿತ್ತು. ಆಗಷ್ಟೇ ಪಿ.ಯು.ಸಿ.ಗೆ ಸೇರಿದ್ದ ಮಗಳು ಒಂದೇ ಒಂದು ರೊಟ್ಟಿಯನ್ನು ಉಗುರಿನಷ್ಟು ಚೂರು ಮಾಡಿಕೊಂಡು ಮುಕ್ಕಾಲು ಗಂಟೆ ತಟ್ಟೆಯ ಮುಂದೆ ಕೂತಿದ್ದಳು. ಅಕ್ಕ ಆ ಚೂರುಗಳನ್ನು ಎಣಿಸುತ್ತಿದ್ದಳು. ಭಾವ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದಿದ್ದರು. ಹತ್ತು ವರ್ಷದ ಮಗ ಗಬಗಬನೆ ಉಂಡು, ಕೈ ತೊಳೆದು ಪಕ್ಕದ ಮನೆಗೆ ಓಡಿದ.

ಇದೆಲ್ಲ ಶುರುವಾದದ್ದು ಶನಿವಾರದ ಒಪ್ಪತ್ತಿನಿಂದ. ಈ ವಯಸ್ಸಿಗೇ ಎಷ್ಟು ಭಕ್ತಿ ಎಂದು ಅಕ್ಕನ ಅತ್ತೆ ಹೊಗಳಿದ್ದರು. ಎಷ್ಟು ಸಣ್ಣಗಾಗಿದ್ದೀಯೇ ಎಂದು ಗೆಳತಿಯರು ಕೇಳಿದ್ದರು, ಅದೂ ಹೊಗಳಿಕೆಯೇ. ಆಮೇಲೆ ಸೋಮವಾರವೂ ಒಪ್ಪತ್ತಾಯಿತು. ಎಣ್ಣೆ ಬೇಡವಾಯಿತು, ಅನ್ನ ಬೇಡವಾಯಿತು. ಆರು ತಿಂಗಳಲ್ಲಿ ಹನ್ನೆರಡು ಕೆ.ಜಿ. ಇಳಿದಿದ್ದಳು. ಮುಟ್ಟು ನಿಂತಿತ್ತು. ಅಕ್ಟೋಬರಿನ ಸೆಖೆಯಲ್ಲೂ ಸ್ವೆಟರ್ ಹಾಕಿಕೊಳ್ಳುತ್ತಿದ್ದಳು. ಪುಸ್ತಕದ ಕಪಾಟಿನ ಹಿಂದೆ ಪೇಪರಿನಲ್ಲಿ ಸುತ್ತಿಟ್ಟ ರೊಟ್ಟಿಗಳು ಬೂಸ್ಟು ಹಿಡಿದಿದ್ದವು.

ಅಕ್ಕ ಗೋಗರೆದಳು, ಹರಕೆ ಹೊತ್ತಳು. ಭಾವ ಬೈದರು, ಒಂದು ದಿನ ಕೈಯನ್ನೂ ಎತ್ತಿದರು. ತಾಯಿ ನೆಟ್ಟಗಿದ್ದರೆ ಮಗಳು ಹೀಗಾಗುತ್ತಿದ್ದಳೇ ಎಂದು ಅತ್ತೆ ಬಂದವರ ಮುಂದೆಲ್ಲ ಹೇಳಿದರು. ಬಾಯಿಬಿಟ್ಟು ಹೇಳದಿದ್ದರೂ ನನ್ನ ಮನಸ್ಸಿನಲ್ಲಿದ್ದದ್ದೂ ಅದೇ ಮಾತು. ಅಕ್ಕ ಮೊದಲಿನಿಂದಲೂ ಸ್ವಲ್ಪ ಬಿಗಿ, ಮಾರ್ಕ್ಸು ಮಾರ್ಕ್ಸು ಎಂದು ಮಗುವನ್ನು ಹಿಂಡಿರಬೇಕು ಎಂದುಕೊಂಡಿದ್ದೆ.

ಬೆಂಗಳೂರಿನ ಮನೋವೈದ್ಯರೊಬ್ಬರು ಆ ಕಾಯಿಲೆಗೆ ಅನೊರೆಕ್ಸಿಯಾ ನರ್ವೋಸಾ ಎಂಬ ಹೆಸರಿದೆ ಎಂದರು. ನಾನು ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಹೇಳುವವಳು. ಕಷ್ಟ ಬಂದಾಗ ಅದರ ಹಿಂದಿನ ಕಥೆ ಹುಡುಕುವುದು ನನ್ನ ಚಾಳಿ. ಹುಡುಕುತ್ತ ಹೋದಂತೆ ನನಗೆ ಕಂಡದ್ದು ಹುಡುಗಿಯರ ಕಥೆಯಷ್ಟೇ ಅಲ್ಲ, ಅವರ ಮನೆಯವರ ಕಥೆ.

ವೇಲ್ಸ್ ನಾಡಿನಲ್ಲಿ ಸಾರಾ ಜೇಕಬ್ ಎಂಬ ರೈತರ ಮಗಳಿದ್ದಳು. ಆಕೆ 1867ರಿಂದ ಏನೂ ತಿಂದಿಲ್ಲವೆಂದು ತಂದೆತಾಯಿ ಹೇಳುತ್ತಿದ್ದರು. ಪವಾಡ ನೋಡಲು ಜನ ದೂರದೂರದಿಂದ ಬಂದು, ಮಂಚದ ಮೇಲೆ ಕಾಣಿಕೆ ಇಟ್ಟು ಹೋಗುತ್ತಿದ್ದರು. ನಿಜ ಪರೀಕ್ಷಿಸಲು 1869ರ ಡಿಸೆಂಬರ್ 9ರಂದು ಲಂಡನ್ನಿನ ಗೈಸ್ ಆಸ್ಪತ್ರೆಯ ನರ್ಸುಗಳು ಬಂದು ಹಗಲಿರುಳು ಕಾವಲು ಕೂತರು. ಅಲ್ಲಿಯವರೆಗೆ ಕದ್ದುಮುಚ್ಚಿ ಸಿಗುತ್ತಿದ್ದದ್ದೂ ನಿಂತಿರಬೇಕು. ಮಗು ಸೊರಗುತ್ತಿರುವುದು ಕಂಡರೂ ತಂದೆತಾಯಿ ಕಾವಲು ತೆಗೆಸಲಿಲ್ಲ, ಅವಳಾಗಿ ಕೇಳದೆ ಊಟ ಕೊಡಲಿಲ್ಲ. ಡಿಸೆಂಬರ್ 17ರಂದು ಆ ಹನ್ನೆರಡು ವರ್ಷದ ಹುಡುಗಿ ತೀರಿಕೊಂಡಳು. 1870ರಲ್ಲಿ ನ್ಯಾಯಾಲಯ ತಂದೆಗೆ ಒಂದು ವರ್ಷ, ತಾಯಿಗೆ ಆರು ತಿಂಗಳು ಸೆರೆವಾಸ ವಿಧಿಸಿತು. ಸಾರಾಳಿಗೆ ಇದೇ ಕಾಯಿಲೆಯಿತ್ತೆಂದು ಇಂದು ಯಾರೂ ಖಚಿತವಾಗಿ ಹೇಳಲಾಗದು. ಆದರೆ ಉಪವಾಸವನ್ನು ಹೊಗಳುವ ಮನೆ ಎಲ್ಲಿಗೆ ಮುಟ್ಟಬಹುದೆಂದು ಓದಿ, ನಮ್ಮ ಶನಿವಾರದ ಒಪ್ಪತ್ತು ನೆನಪಾಗಿ ಮೈ ಜುಮ್ಮೆಂದಿತು.

ಅದೇ ಗೈಸ್ ಆಸ್ಪತ್ರೆಯಲ್ಲಿ ವೈದ್ಯರಾಗಿದ್ದವರು ವಿಲಿಯಂ ಗಲ್. ಕಾಯಿಲೆಗೆ ಈಗಿನ ಹೆಸರು ಕೊಟ್ಟವರು ಅವರೇ. 1873ರಲ್ಲಿ ಓದಿದ ಪ್ರಬಂಧ ಮರುವರ್ಷ ಅಚ್ಚಾಯಿತು. ಅವರು ವಿವರಿಸಿದ ಹದಿನೇಳು ವರ್ಷದ ಹುಡುಗಿಯೊಬ್ಬಳ ತೂಕ ಸುಮಾರು 37 ಕೆ.ಜಿ.ಗೆ ಇಳಿದಿತ್ತು. ಅವರ ಆರೈಕೆಯಲ್ಲಿ ಎರಡು ವರ್ಷದಲ್ಲಿ ಅವಳ ತೂಕ 58 ಕೆ.ಜಿ.ಗೆ ಏರಿತು. ಆದರೆ ಇಂಥ ಹುಡುಗಿಯರ ಆರೈಕೆಗೆ ಬಂಧುಗಳಷ್ಟು ಅಯೋಗ್ಯರು ಬೇರಿಲ್ಲ ಎಂಬುದು ಗಲ್ ಅವರ ಅಭಿಪ್ರಾಯ. ಪ್ಯಾರಿಸ್ಸಿನ ಶಾರ್ಕೊ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ರೋಗಿಯನ್ನು ಹೆತ್ತವರಿಂದ ಪೂರ್ತಿ ದೂರವಿಡಬೇಕು, ಅದೇ ಚಿಕಿತ್ಸೆ ಎಂದರು.

ಇದನ್ನು ಓದುವ ಮೊದಲೇ ನಾನೂ ಅದನ್ನೇ ಮಾಡಿದ್ದೆ. "ಅಕ್ಕಾ, ಒಂದು ತಿಂಗಳು ಇವಳು ನನ್ನ ಹತ್ತಿರ ಇರಲಿ ಬಿಡು" ಎಂದು ಕರೆದುಕೊಂಡು ಬಂದಿದ್ದೆ. ನನ್ನ ಕೈಯಡುಗೆ ತಿಂದು ಸರಿಹೋದಾಳು ಎಂಬ ಜಂಬ. ಹುಡುಗಿ ನನ್ನ ಮನೆಯಲ್ಲಿ ಇನ್ನೂ ಒಂದೂವರೆ ಕೆ.ಜಿ. ಇಳಿದಳು. ಅತ್ತ ಅಕ್ಕ, ಮಗಳು ಮನೆಯಲ್ಲಿಲ್ಲದ ಮೇಲೆ ತಾನೂ ರಾತ್ರಿಯ ಊಟ ಬಿಟ್ಟಿದ್ದಳಂತೆ.

ಗಲ್ ಅವರ ಕಾಲದಲ್ಲೇ, 1873ರಲ್ಲೇ, ಪ್ಯಾರಿಸ್ಸಿನ ಇನ್ನೊಬ್ಬ ವೈದ್ಯ ಲಾಸೆಗ್ ಇದೇ ಕಾಯಿಲೆಯ ಬಗ್ಗೆ ಬರೆದರು. ಮನೆಯವರಿಗೆ ಗೊತ್ತಿರುವುದು ಎರಡೇ ದಾರಿ, ಒಂದು ಬೇಡುವುದು, ಇನ್ನೊಂದು ಬೆದರಿಸುವುದು. ಎರಡೂ ಸೋಲುತ್ತವೆ, ಊಟವೊಂದೇ ಮನೆಯ ಮಾತಾಗುತ್ತದೆ ಎಂದು ಅವರು ಗುರುತಿಸಿದ್ದರು. ರೋಗಿಯೊಬ್ಬಳನ್ನೇ ನೋಡಿದರೆ ಕಾಯಿಲೆ ಅರ್ಥವಾಗದು, ಸುತ್ತಲಿನವರನ್ನೂ ನೋಡಬೇಕು ಎಂದಿದ್ದರು. ನೂರನಲವತ್ತು ವರ್ಷಗಳ ಹಿಂದೆ ಫ್ರಾನ್ಸಿನಲ್ಲಿ ಕೂತು ಶಿವಮೊಗ್ಗದ ಅಡುಗೆಮನೆಯನ್ನು ಕಂಡವರ ಹಾಗೆ ಬರೆದಿದ್ದಾರಲ್ಲ ಎನಿಸಿತು.

ಹುಡುಗಿಯದು ಬರೀ ಹಟ ಎಂಬ ನಮ್ಮ ನಂಬಿಕೆಯನ್ನು ಅಲುಗಿಸಿದ್ದು ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಒಂದು ಪ್ರಯೋಗ. ಎರಡನೆಯ ಮಹಾಯುದ್ಧದಲ್ಲಿ ಹಸಿವಿನಿಂದ ಬಳಲಿದವರಿಗೆ ಮತ್ತೆ ಹೇಗೆ ಉಣಿಸಬೇಕೆಂದು ತಿಳಿಯಲು 1944-45ರಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಗಂಡಸರ ಒಪ್ಪಿಗೆ ಪಡೆದು, ಅವರಿಗೆ 24 ವಾರ ಅರೆಹೊಟ್ಟೆ ಊಟ ಕೊಟ್ಟರು. ತೂಕ ಕಾಲುಭಾಗದಷ್ಟು ಇಳಿಯಿತು. ಗಟ್ಟಿಮುಟ್ಟಾಗಿದ್ದ ಆ ಯುವಕರಲ್ಲಿ ಹಲವರು ಅಡುಗೆ ಪುಸ್ತಕ ಓದತೊಡಗಿದರು, ತುತ್ತನ್ನು ಚೂರು ಮಾಡಿ ಗಂಟೆಗಟ್ಟಲೆ ತಿನ್ನತೊಡಗಿದರು, ಸಿಡುಕರಾದರು, ಮಾತು ಕಡಿಮೆ ಮಾಡಿದರು. ನಮ್ಮ ಹುಡುಗಿಯದೂ ಇವೇ ಲಕ್ಷಣ! ಅವರ ಅಮ್ಮಂದಿರು ಯಾರೂ ಅಲ್ಲಿರಲಿಲ್ಲ. ಕಾಯಿಲೆಯ ಶುರು ಹೇಗೇ ಇರಲಿ, ಹೊಟ್ಟೆಗಿಲ್ಲದ ಮೇಲೆ ಮನಸ್ಸಿನ ಅರ್ಧ ಕೆಲಸವನ್ನು ಹಸಿವೇ ಮಾಡುತ್ತದೆ.

ಆದರೂ ತಾಯಂದಿರ ಮೇಲಿನ ಅಪವಾದ ಬೇಗ ಹೋಗಲಿಲ್ಲ. 1978ರಲ್ಲಿ ಬಂದ ಎರಡು ಹೆಸರಾಂತ ಪುಸ್ತಕಗಳು, ಒಂದು ಹಿಲ್ಡೆ ಬ್ರುಖ್ ಅವರದು, ಇನ್ನೊಂದು ಸಾಲ್ವಡಾರ್ ಮಿನುಚಿನ್ ಮತ್ತು ಸಂಗಡಿಗರದು, ಮನೆಯ ವಾತಾವರಣದಲ್ಲೇ ಕಾಯಿಲೆಯ ಬೇರು ಹುಡುಕಿದವು. ಆದರೆ ಮಿನುಚಿನ್ ಮನೆಯವರನ್ನು ಹೊರಗೆ ಕಳಿಸಲಿಲ್ಲ, ಒಳಗೆ ಕರೆದರು. ಇಡೀ ಸಂಸಾರವನ್ನು ತಮ್ಮ ಮುಂದೆ ಊಟಕ್ಕೆ ಕೂರಿಸಿದರು. ಅಲ್ಲಿಂದ ಇನ್ನೊಂದು ದಾರಿ ತೆರೆಯಿತು. ಲಂಡನ್ನಿನ ಮಾಡ್ಸ್‌ಲಿ ಆಸ್ಪತ್ರೆಯ ವೈದ್ಯರು 1987ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎಳೆಯ ವಯಸ್ಸಿನಲ್ಲಿ ಕಾಯಿಲೆ ಬಿದ್ದು ಮೂರು ವರ್ಷ ತುಂಬದ ಮಕ್ಕಳಿಗೆ, ಒಬ್ಬೊಬ್ಬರನ್ನೇ ಕೂರಿಸಿ ಮಾಡುವ ಚಿಕಿತ್ಸೆಗಿಂತ ಮನೆಯವರೊಂದಿಗಿನ ಚಿಕಿತ್ಸೆಯೇ ಹೆಚ್ಚು ಫಲ ಕೊಟ್ಟಿತ್ತು. 2010ರಲ್ಲಿ ಈ ಕಾಯಿಲೆಗಳ ತಜ್ಞರ ಅಂತರರಾಷ್ಟ್ರೀಯ ಸಂಘವೇ, ಕುಟುಂಬವನ್ನು ಮೂಲಕಾರಣವೆಂದು ದೂರುವುದು ಸಲ್ಲದು ಎಂದು ಬಹಿರಂಗವಾಗಿ ಹೇಳಿತು.

ನಮ್ಮ ವೈದ್ಯರು ಹಿಡಿದದ್ದೂ ಆ ದಾರಿಯೇ. "ಯಾರ ತಪ್ಪು ಅನ್ನೋದು ಈಗ ಬೇಡಮ್ಮ. ಹೊತ್ತುಹೊತ್ತಿಗೆ ಉಣಿಸೋದು ಮಾತ್ರ ನಿಮ್ಮ ಕೆಲಸ" ಎಂದು ಅಕ್ಕನಿಗೆ ಹೇಳಿದರು. ಅಕ್ಕ ಅಲ್ಲೇ ಅತ್ತುಬಿಟ್ಟಳು. ತಟ್ಟೆಗೆ ಎಷ್ಟು ಬಡಿಸಬೇಕೆಂದು ತಂದೆತಾಯಿ ಇಬ್ಬರೂ ಸೇರಿ ನಿರ್ಧರಿಸಬೇಕು, ಒಬ್ಬರು ಹೌದೆಂದದ್ದಕ್ಕೆ ಇನ್ನೊಬ್ಬರು ಅಲ್ಲವೆನ್ನಬಾರದು. ಬೈಗುಳ ಇಲ್ಲ, ಲಂಚ ಇಲ್ಲ. ಸಿಟ್ಟು ಬಂದರೆ ಅದು ಕಾಯಿಲೆಯ ಮೇಲೆ ಬರಲಿ, ಮಗಳ ಮೇಲಲ್ಲ. ತಮ್ಮ ಕಾವಲುಗಾರನಾಗುವುದು ಬೇಡ, ಊಟವಾದ ಮೇಲೆ ಅಕ್ಕನ ಜೊತೆ ಚೌಕಾಬಾರ ಆಡಲಿ. ಹುಡುಗಿ ಚೇತರಿಸಿಕೊಂಡಂತೆ ತಟ್ಟೆಯ ಅಧಿಕಾರವನ್ನು ಸ್ವಲ್ಪಸ್ವಲ್ಪವೇ ಅವಳ ಕೈಗೆ ಬಿಡಬೇಕು. ಭಾವ ಆಫೀಸಿಗೆ ರಜೆ ಹಾಕಿ ಮಧ್ಯಾಹ್ನ ಮಗಳ ಪಕ್ಕ ಊಟಕ್ಕೆ ಕೂತರು.

ಸುಲಭವಾಗಿರಲಿಲ್ಲ. ತಟ್ಟೆಗಳು ಹಾರಿದವು. ನಡುವೆ ಎದೆಬಡಿತ ತೀರ ನಿಧಾನವಾಗಿ ಹತ್ತು ದಿನ ಆಸ್ಪತ್ರೆಯಲ್ಲಿ ಮಲಗಿದಳು. ಒಂದೂವರೆ ವರ್ಷದ ನಂತರ ಮುಟ್ಟು ಮರಳಿತು. ಈಗ ಕೆಲಸದಲ್ಲಿದ್ದಾಳೆ. ಕೆಲವು ದಿನ ಊಟ ಇಂದಿಗೂ ಕಷ್ಟವೇ ಎನ್ನುತ್ತಾಳೆ, ಆದರೂ ಉಣ್ಣುತ್ತಾಳೆ.

ಕಳೆದ ಯುಗಾದಿಗೆ ಎಲ್ಲರೂ ಸೇರಿದ್ದೆವು. ಮಾತಿನ ನಡುವೆ ಅವಳ ತಮ್ಮ, "ಆ ವರ್ಷ ನನ್ನ ಹುಟ್ಟುಹಬ್ಬ ಯಾರಿಗೂ ನೆನಪಾಗಲಿಲ್ಲ ಚಿಕ್ಕಮ್ಮಾ. ನಾನೂ ನೆನಪಿಸಲಿಲ್ಲ, ಸಿಹಿ ಮಾಡಿದರೆ ಮತ್ತೆ ಜಗಳ ಆಗುತ್ತೆ ಅಂತ" ಎಂದ. ನಗುತ್ತಲೇ ಹೇಳಿದ, ಆದರೆ ಯಾರೂ ನಗಲಿಲ್ಲ. ಹತ್ತು ವರ್ಷದ ಹುಡುಗನೂ ಅಷ್ಟು ಭಾರ ಹೊತ್ತಿದ್ದನೆಂದು ಆಗ ನಮ್ಮಲ್ಲೊಬ್ಬರಿಗೂ ಹೊಳೆದಿರಲಿಲ್ಲ.

ನಿಮ್ಮ ಮನೆಯಲ್ಲೋ ನೆರೆಯಲ್ಲೋ ಹುಡುಗಿಯೊಬ್ಬಳು, ಹುಡುಗನಾದರೂ ಸರಿ, ಹೀಗೆ ಊಟ ಬಿಡುತ್ತಿದ್ದರೆ ಬೇಗ ವೈದ್ಯರಲ್ಲಿಗೆ ಕರೆದೊಯ್ಯಿರಿ. ಆ ತಾಯಿಯನ್ನು ಏನು ಮಾಡಿದೆಯೇ ಎಂದು ಕೇಳಬೇಡಿ. ಆಕೆಯ ಇನ್ನೊಂದು ಮಗುವನ್ನು ಕರೆದು ಊಟ ಹಾಕಿ. ನಾನು ಅಕ್ಕನಿಗೆ ಮಾಡಬೇಕಿದ್ದದ್ದು ಅದು. ಆ ವರ್ಷ ಅದನ್ನು ಮಾಡಿದವರು ಪಕ್ಕದ ಮನೆಯವರು.