785 ಕೆಟ್ಟ ಪದ ಎಣಿಸಿದರು, ಕಥೆ ಓದಿದರಾ?

ಹೈಸ್ಕೂಲ್ ಮಕ್ಕಳು ಯಾವ ಪುಸ್ತಕ ಓದಬೇಕು, ಯಾವುದನ್ನ ಓದಬಾರದು ಅಂತ ತೀರ್ಮಾನ ಮಾಡೋದು ಯಾರು? ಮೇಷ್ಟ್ರಾ, ತಂದೆ ತಾಯಿನಾ, ಶಾಲಾ ಮಂಡಳಿನಾ? ಅಮೆರಿಕದಲ್ಲಿ ಈ ಜಗಳ ಒಂದೇ ಒಂದು ಕಾದಂಬರಿಯ ಸುತ್ತ ದಶಕಗಳ ಕಾಲ ನಡೆಯಿತು. ಜೆ.ಡಿ. ಸ್ಯಾಲಿಂಜರ್ ಬರೆದ ‘ದಿ ಕ್ಯಾಚರ್ ಇನ್ ದ ರೈ’. ಇವತ್ತು ಅದರ ಕಥೆ.

ಪುಸ್ತಕ ಬಂದಿದ್ದು 1951ರ ಜುಲೈನಲ್ಲಿ. ಆಗ ಸ್ಯಾಲಿಂಜರ್‌ಗೆ 32 ವರ್ಷ. ಎರಡನೇ ಮಹಾಯುದ್ಧದಲ್ಲಿ ಸೈನಿಕನಾಗಿದ್ದವರು, 1944ರಲ್ಲಿ ನಾರ್ಮಂಡಿ ತೀರದಲ್ಲಿ ಇಳಿದ ಪಡೆಯಲ್ಲಿದ್ದವರು. ಕಥಾನಾಯಕ ಹೋಲ್ಡನ್ ಕಾಲ್‌ಫೀಲ್ಡ್, 16ರ ಹುಡುಗ. ಐದು ವಿಷಯದಲ್ಲಿ ನಾಲ್ಕು ಫೇಲು, ಬೋರ್ಡಿಂಗ್ ಶಾಲೆಯಿಂದ ಹೊರಗೆ ಹಾಕಿದ್ದಾರೆ. ಮನೆಯಲ್ಲಿ ಮುಖ ತೋರಿಸೋಕಾಗದೆ ನ್ಯೂಯಾರ್ಕ್ ಬೀದಿಗಳಲ್ಲಿ ಅಲೆಯುತ್ತಾನೆ. ಸಿಗರೇಟು ಸೇದ್ತಾನೆ, ಕುಡೀತಾನೆ, ದೊಡ್ಡವರನ್ನೆಲ್ಲ ಡೋಂಗಿಗಳು ಅಂತ ಬೈತಾನೆ. ಹೋಟೆಲ್ ರೂಮಿಗೆ ವೇಶ್ಯೆಯನ್ನು ಕರೆಸಿ, ಕೊನೆಗೆ ಏನೂ ಮಾಡಲಾಗದೆ ಸುಮ್ಮನೆ ಮಾತಾಡೋಣ ಅಂತಾನೆ. ಈ ಹಾರಾಟದ ಹಿಂದೆ ಒಂದು ದುಃಖ ಇದೆ. ಅವನ ತಮ್ಮ ಆಲಿ ರಕ್ತದ ಕ್ಯಾನ್ಸರ್‌ನಿಂದ ಸತ್ತಿದ್ದಾನೆ.

ಇದು ಮಕ್ಕಳಿಗಾಗಿ ಬರೆದ ಪುಸ್ತಕ ಅಲ್ಲ. ಆದರೆ ಹದಿಹರೆಯದವರು ಇದನ್ನ ತಮ್ಮದು ಮಾಡಿಕೊಂಡರು. ಡಿಕನ್ಸ್‌ನ ‘ಡೇವಿಡ್ ಕಾಪರ್‌ಫೀಲ್ಡ್’ ಥರ ಹುಟ್ಟಿದ ದಿನದಿಂದ ಕಥೆ ಹೇಳೋನು ನಾನಲ್ಲ ಅಂತ ಹೋಲ್ಡನ್ ಶುರುವಿನಲ್ಲೇ ಹೇಳಿಬಿಡುತ್ತಾನೆ. ಪಠ್ಯದ ಭಾಷೆ ಬಿಟ್ಟು ಹುಡುಗರ ಭಾಷೆಯಲ್ಲೇ ಮಾತಾಡುವ ಈ ಪುಸ್ತಕವನ್ನ ಕೆಲವು ಶಿಕ್ಷಕರು ಧೈರ್ಯ ಮಾಡಿ ತರಗತಿಗೆ ತಂದರು. ಬೆಲೆಯನ್ನೂ ತೆತ್ತರು.

1960ರಲ್ಲಿ ಓಕ್ಲಹಾಮಾದ ಟಲ್ಸಾ ನಗರದಲ್ಲಿ 11ನೇ ತರಗತಿಗೆ ಈ ಕಾದಂಬರಿ ಓದಲು ಕೊಟ್ಟ ಶಿಕ್ಷಕಿಯೊಬ್ಬರ ಕೆಲಸ ಹೋಯಿತು. ಅವರು ಮೇಲ್ಮನವಿ ಸಲ್ಲಿಸಿದರು, ಕೆಲಸ ವಾಪಸ್ ಸಿಕ್ಕಿತು. ಪುಸ್ತಕ ಮಾತ್ರ ಶಾಲೆಗೆ ವಾಪಸ್ ಬರಲಿಲ್ಲ. ಅಂದರೆ ಶಿಕ್ಷಕಿ ಉಳಿದರು, ಪಾಠ ಹೋಯಿತು!

1970ರ ದಶಕದ ಕೊನೆಗೆ ವಾಷಿಂಗ್ಟನ್ ರಾಜ್ಯದ ಇಸ್ಸಾಕ್ವಾ ಊರಿನಲ್ಲಿ ಇನ್ನೊಂದು ಪ್ರಕರಣ. ಪುಸ್ತಕದಲ್ಲಿ 785 ಕೆಟ್ಟ ಪದಗಳಿವೆ ಅಂತ ಎಣಿಸಿ ದೂರು ಕೊಟ್ಟರು. ಅಷ್ಟೇ ಅಲ್ಲ, ಇದು ಕಮ್ಯುನಿಸ್ಟ್ ಸಂಚಿನ ಭಾಗ ಅಂತಲೂ ಆರೋಪ ಬಂತು. ಶೀತಲ ಸಮರದ ಕಾಲ ನೋಡಿ, ದೊಡ್ಡವರನ್ನ ಪ್ರಶ್ನೆ ಮಾಡುವ ಹುಡುಗನೂ ಅನುಮಾನಕ್ಕೆ ಗುರಿ. 1980ರ ಡಿಸೆಂಬರ್‌ನಲ್ಲಿ ಗಾಯಕ ಜಾನ್ ಲೆನನ್‌ರನ್ನು ಕೊಂದವನ ಕೈಯಲ್ಲಿ ಇದೇ ಪುಸ್ತಕ ಸಿಕ್ಕಿದ ಮೇಲೆ ಭಯ ಇನ್ನೂ ಹೆಚ್ಚಿತು. ಇಷ್ಟಾದರೂ ಆ ಹೊತ್ತಿಗೆ ಅಮೆರಿಕದ ಶಾಲೆಗಳಲ್ಲಿ ಅತಿ ಹೆಚ್ಚು ವಿರೋಧ ಎದುರಿಸಿದ ಪುಸ್ತಕಗಳ ಸಾಲಿನಲ್ಲೂ ಇದೇ, ಅತಿ ಹೆಚ್ಚು ಪಾಠವಾಗುತ್ತಿದ್ದ ಕಾದಂಬರಿಗಳ ಸಾಲಿನಲ್ಲೂ ಇದೇ.

ಪೋಷಕರ ಆತಂಕ ಸುಳ್ಳು ಅಂತ ನಾನು ಹೇಳ್ತಿಲ್ಲ. ಮಾತುಮಾತಿಗೂ ದೇವರ ಹೆಸರು ಎಳೆದು ಬೈಯೋದು ಧಾರ್ಮಿಕ ಮನೆಗಳಲ್ಲಿ ಸಣ್ಣ ವಿಷಯ ಅಲ್ಲ. ಆದರೆ ಪದ ಎಣಿಸುವವರು ಕಥೆ ತಪ್ಪಿಸಿಕೊಂಡುಬಿಡುತ್ತಾರೆ. ಕಾದಂಬರಿಯ ಕೊನೆಯ ಭಾಗದಲ್ಲಿ ಹೋಲ್ಡನ್ ತನ್ನ ಪುಟ್ಟ ತಂಗಿ ಫೀಬಿಯ ಶಾಲೆಗೆ ಹೋಗುತ್ತಾನೆ. ಗೋಡೆ ಮೇಲೆ ಯಾರೋ ಒಂದು ಅಶ್ಲೀಲ ಪದ ಬರೆದಿದ್ದಾರೆ. ಚಿಕ್ಕ ಮಕ್ಕಳು ನೋಡಿಬಿಟ್ಟರೆ ಅಂತ ಸಂಕಟಪಟ್ಟು ಕೈಯಿಂದಲೇ ಒರೆಸುತ್ತಾನೆ. ಮುಂದೆ ಇನ್ನೊಂದು ಕಡೆ ಅದೇ ಪದ, ಚಾಕುವಿನಿಂದ ಕೆತ್ತಿದ್ದು. ಅಳಿಸೋಕೇ ಆಗಲ್ಲ.

ಪುಸ್ತಕದ ಹೆಸರೂ ಅಲ್ಲಿಂದ ದೂರವಿಲ್ಲ. ರೈ ಅಂದರೆ ಗೋಧಿ ಥರದ್ದೊಂದು ಧಾನ್ಯ. ಆ ಹೊಲದಲ್ಲಿ ಮಕ್ಕಳು ಆಡ್ತಿರ್ತಾರೆ, ಪಕ್ಕದಲ್ಲೇ ಪ್ರಪಾತ. ಬೀಳೋ ಮಕ್ಕಳನ್ನ ಹಿಡಿಯೋದೇ ತನ್ನ ಕೆಲಸ ಆಗಬೇಕು ಅನ್ನೋದು ಹೋಲ್ಡನ್ ಕನಸು. ಯೋಚಿಸಿ, ಪುಸ್ತಕ ತೆಗೆಸಿದ ಪೋಷಕರ ಆಸೆಯೂ ಇದೇ ಅಲ್ವಾ? ಮಕ್ಕಳು ಬೀಳಬಾರದು. ಎಲ್ಲವನ್ನೂ ಒರೆಸಲಾಗದು, ಎಲ್ಲರನ್ನೂ ಹಿಡಿಯಲಾಗದು ಅಂತ ಆ ಹುಡುಗ ಕಲಿಯುವುದೇ ಈ ಕಥೆ. ಬೆಳೆಯೋದು ಅಂದರೆ ಅದೇ.

ಹಾಗಾಗಿ ಇದನ್ನ ಪಾಠ ಮಾಡೋ ಶಿಕ್ಷಕರು ಹೋಲ್ಡನ್‌ನನ್ನು ಆದರ್ಶ ಅಂತ ತೋರಿಸಬೇಕಿಲ್ಲ. ತಾನು ಮಹಾ ಸುಳ್ಳುಗಾರ ಅಂತ ಅವನೇ ಒಪ್ಪಿಕೊಳ್ಳುತ್ತಾನೆ. ಇವನ ಮಾತು ಎಷ್ಟು ನಂಬಬಹುದು, ಯಾಕಿಷ್ಟು ಸಿಟ್ಟು, ತಮ್ಮನ ಬಗ್ಗೆ ಮಾತಾಡುವಾಗ ದನಿ ಯಾಕೆ ಬದಲಾಗುತ್ತೆ ಅಂತ ಕೇಳಿದರೆ ಸಾಕು. ಉಳ್ಳವರ ಮನೆ ಹುಡುಗನ ಗೋಳು ಇದು ಅಂತ ವಿದ್ಯಾರ್ಥಿಗಳು ಟೀಕಿಸಿದರೆ ಅದೂ ಒಳ್ಳೆಯ ಓದೇ. ಒಪ್ಪದ ಪೋಷಕರ ಮಕ್ಕಳಿಗೆ ಬೇರೆ ಪುಸ್ತಕ ಕೊಡಬಹುದು. ಆದರೆ ಒಂದು ಮನೆಯ ‘ಬೇಡ’ ಇಡೀ ತರಗತಿಯ ‘ಬೇಡ’ ಆಗಬಾರದು.

ಸ್ಯಾಲಿಂಜರ್ 2010ರಲ್ಲಿ ತೀರಿಕೊಂಡರು. ಹೋಲ್ಡನ್ ಇನ್ನೂ 16ರಲ್ಲೇ ಇದ್ದಾನೆ.