ಅಂಕಪಟ್ಟಿ ಮೊದಲೇ ಹೇಳುವ ಮಾತು: ನೆರವು ಬೇಕಾದ ಪ್ರೌಢಶಾಲಾ ಮಕ್ಕಳನ್ನು ಗುರುತಿಸುವ ಬಗೆ

ಎಸ್ಸೆಸ್ಸೆಲ್ಸಿ ಫಲಿತಾಂಶ ಪ್ರಕಟವಾದ ದಿನ ಕಲಬುರಗಿ ಜಿಲ್ಲೆಯ ಹೆಸರನ್ನು ಪಟ್ಟಿಯ ಕೆಳತುದಿಯಿಂದ ಹುಡುಕುವುದು ಓದುಗರಿಗೆ ರೂಢಿಯಾಗಿಬಿಟ್ಟಿದೆ. 2024ರಲ್ಲಿ ಜಿಲ್ಲೆಯ ಫಲಿತಾಂಶ ಶೇ 53.04 ಇತ್ತು, ಯಾದಗಿರಿಯೊಂದೇ ಅದಕ್ಕಿಂತ ಹಿಂದಿತ್ತು. 2025ರಲ್ಲಿ ಅದು ಶೇ 42.43ಕ್ಕೆ ಕುಸಿದು ಕೊನೆಯ ಸ್ಥಾನಕ್ಕೆ ಬಂತು. ಅದೇ ವರ್ಷ ಮೊದಲ ಸ್ಥಾನದಲ್ಲಿದ್ದ ದಕ್ಷಿಣ ಕನ್ನಡದ ಫಲಿತಾಂಶ ಶೇ 91.12. ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂದದ್ದು 2024ರಲ್ಲಿ. ಆ ವರ್ಷ ಶೇ 20ರವರೆಗೆ ಕೊಡಲಾಗಿದ್ದ ಕೃಪಾಂಕ ಮರುವರ್ಷ ಇರಲಿಲ್ಲ ಎಂಬುದನ್ನೂ ಈ ಇಳಿಕೆಯ ಜೊತೆಗೇ ಓದಬೇಕು.

ಆದರೆ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಭಾಗದಲ್ಲಿ ಅನುತ್ತೀರ್ಣನಾದ ವಿದ್ಯಾರ್ಥಿಯ ಕಷ್ಟ ಆರಂಭವಾದದ್ದು ಆ ಪರೀಕ್ಷೆಯ ದಿನವಲ್ಲ. ಎಂಟನೇ, ಒಂಬತ್ತನೇ ತರಗತಿಗಳ ಅಂಕಗಳಲ್ಲಿ ಅದರ ಗುರುತು ಬಹುತೇಕ ಸಿಗುತ್ತದೆ. ಆ ಅಂಕಗಳು ಶಾಲೆಯ ಕಪಾಟಿನಲ್ಲೇ ಇರುತ್ತವೆ. ಇಲಾಖೆಯ ಗಣಕಯಂತ್ರದಲ್ಲಿಯೂ ಇರುತ್ತವೆ. ಅವನ್ನು ಯಾವಾಗ ಓದುತ್ತಾರೆ ಎಂಬುದೇ ಪ್ರಶ್ನೆ.

ರಾಜ್ಯದ ಪ್ರೌಢಶಾಲೆಗಳಲ್ಲಿ ವರ್ಷಕ್ಕೆ ನಾಲ್ಕು ರೂಪಣಾತ್ಮಕ ಹಾಗೂ ಎರಡು ಸಂಕಲನಾತ್ಮಕ ಮೌಲ್ಯಮಾಪನಗಳು ನಡೆಯುತ್ತವೆ. ಶಿಕ್ಷಕರು ಇವನ್ನು ಎಫ್‌ಎ, ಎಸ್‌ಎ ಎಂದೇ ಕರೆಯುತ್ತಾರೆ. ಮಕ್ಕಳ ಅಂಕಗಳನ್ನು ವಿದ್ಯಾರ್ಥಿ ಸಾಧನೆ ಟ್ರ್ಯಾಕಿಂಗ್ ವ್ಯವಸ್ಥೆಗೆ, ಅಂದರೆ ಸ್ಯಾಟ್ಸ್‌ಗೆ ಸೇರಿಸಲಾಗುತ್ತದೆ. ಮಾಹಿತಿ ತುಂಬುವುದೇ ಒಂದು ದೊಡ್ಡ ಕೆಲಸವಾಗಿರುವುದರಿಂದ, ತುಂಬಿದ್ದನ್ನು ತಿರುಗಿ ನೋಡುವ ಪುರುಸೊತ್ತು ಶಾಲೆಗೆ ಸಿಗುವುದು ಅಪರೂಪ. ಹೀಗಾಗಿ ‘ನಿಧಾನಗತಿಯ ಕಲಿಕೆಯವರು’ ಎಂಬ ಪಟ್ಟಿ ಸಾಮಾನ್ಯವಾಗಿ ಸಿದ್ಧವಾಗುವುದು ಹತ್ತನೇ ತರಗತಿಯ ಪೂರ್ವಸಿದ್ಧತಾ ಪರೀಕ್ಷೆಯ ಹೊತ್ತಿಗೆ. ಆಗ ಉಳಿದಿರುವುದು ಕೆಲವೇ ವಾರ. ಆ ಅವಧಿಯಲ್ಲಿ ಪಾಸಿಂಗ್ ಪ್ಯಾಕೇಜ್ ಉರುಹೊಡೆಸಬಹುದೇ ಹೊರತು, ಭಿನ್ನರಾಶಿ ಬಾರದ ಮಗುವಿಗೆ ಬೀಜಗಣಿತ ಕಲಿಸಲಾಗದು.

ಮೊದಲೇ ಗುರುತಿಸುವುದು ಸಾಧ್ಯವೆಂಬುದಕ್ಕೆ ಹೊರಗಿನ ಉದಾಹರಣೆಯೂ ಇದೆ. ಅಮೆರಿಕದ ಷಿಕಾಗೋ ನಗರದ ಶಾಲೆಗಳ ದಾಖಲೆಗಳನ್ನು ಅಲ್ಲಿನ ವಿಶ್ವವಿದ್ಯಾಲಯದ ಸಂಶೋಧಕರಾದ ಎಲೇನ್ ಅಲೆನ್ಸ್‌ವರ್ತ್ ಮತ್ತು ಜಾನ್ ಈಸ್ಟನ್ ಪರಿಶೀಲಿಸಿ 2005ರಲ್ಲಿ ವರದಿ ಪ್ರಕಟಿಸಿದರು. ಒಂಬತ್ತನೇ ತರಗತಿಯಲ್ಲಿ ಅಗತ್ಯ ಕ್ರೆಡಿಟ್ ಗಳಿಸಿ, ಮುಖ್ಯ ವಿಷಯಗಳಲ್ಲಿ ಒಂದು ಸೆಮಿಸ್ಟರಿಗಿಂತ ಹೆಚ್ಚು ಅನುತ್ತೀರ್ಣರಾಗದ ಮಕ್ಕಳು ನಾಲ್ಕು ವರ್ಷಗಳಲ್ಲಿ ಪ್ರೌಢಶಿಕ್ಷಣ ಮುಗಿಸುವ ಸಾಧ್ಯತೆ ಉಳಿದವರಿಗಿಂತ ಮೂರೂವರೆ ಪಟ್ಟು ಹೆಚ್ಚೆಂದು ಅದರಲ್ಲಿ ಕಂಡುಬಂತು. ಇದಕ್ಕೆ ಬಳಸಿದ್ದು ಪ್ರತಿ ಶಾಲೆಯಲ್ಲಿಯೂ ಇರುವ ಸಾಧಾರಣ ಅಂಕದಾಖಲೆ.

ಹಾಗೆಂದು ಕರ್ನಾಟಕದಲ್ಲಿ ಅಂಕಗಳನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನದಲ್ಲಿ 30ರಿಂದ 49ರವರೆಗೆ ಅಂಕ ಪಡೆದವರೆಲ್ಲರಿಗೂ ‘ಬಿ’ ಶ್ರೇಣಿ. 31 ಪಡೆದ ಹುಡುಗಿಯೂ 48 ಪಡೆದ ಹುಡುಗನೂ ಪ್ರಗತಿಪತ್ರದಲ್ಲಿ ಒಂದೇ. ಆದ್ದರಿಂದ ಶ್ರೇಣಿಯನ್ನು ಬಿಟ್ಟು ಅಂಕವನ್ನೇ ನೋಡಬೇಕು. ಆಂತರಿಕ ಅಂಕದ ಕಥೆ ಇನ್ನೂ ಸೂಕ್ಷ್ಮ. ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ಭಾಷೆ ಬಿಟ್ಟರೆ ಉಳಿದ ವಿಷಯಗಳಿಗೆ 80 ಅಂಕಗಳ ಲಿಖಿತ ಪರೀಕ್ಷೆ, 20 ಆಂತರಿಕ ಅಂಕ. ಆಂತರಿಕದಲ್ಲಿ 18 ಪಡೆದ ವಿದ್ಯಾರ್ಥಿ ಅರ್ಧವಾರ್ಷಿಕ ಲಿಖಿತ ಪರೀಕ್ಷೆಯಲ್ಲಿ 80ಕ್ಕೆ 12 ಪಡೆದಿದ್ದರೆ, ಎರಡರಲ್ಲಿ ಯಾವುದು ನಿಜ? ಈ ಅಂತರವೇ ಮೊದಲ ಎಚ್ಚರಿಕೆಯ ಗಂಟೆ. ಉದಾರವಾಗಿ ಕೊಟ್ಟ ಆಂತರಿಕ ಅಂಕ ಮಗುವಿಗೆ ಮಾಡಿದ ಉಪಕಾರದಂತೆ ಕಂಡರೂ, ನೆರವಿನ ಪಟ್ಟಿಯಿಂದ ಅದರ ಹೆಸರನ್ನು ಅಳಿಸಿಹಾಕುತ್ತದೆ.

2025-26ನೇ ಸಾಲಿನಿಂದ ಈ ಮಾತಿಗೆ ಮತ್ತಷ್ಟು ತೂಕ ಬಂದಿದೆ. ಹೊಸ ನಿಯಮದಂತೆ ಆಂತರಿಕ ಮತ್ತು ಲಿಖಿತ ಅಂಕಗಳನ್ನು ಕೂಡಿಸಿ ಪ್ರತಿ ವಿಷಯದಲ್ಲಿ ಶೇ 30, ಒಟ್ಟು 625ಕ್ಕೆ 206 ಅಂಕ ಪಡೆದರೆ ಉತ್ತೀರ್ಣ. ಆಂತರಿಕದಲ್ಲಿ ಪೂರ್ಣ 20 ಇದ್ದವರಿಗೆ ಆ ವಿಷಯದ ಲಿಖಿತ ಪರೀಕ್ಷೆಯಲ್ಲಿ ಹತ್ತೇ ಅಂಕ ಸಾಕಾಗಬಹುದು. ಅಂಥ ವಿದ್ಯಾರ್ಥಿ ಪಿಯು ತರಗತಿಯಲ್ಲಿ ಕೂತಾಗ ಎದುರಿಸಬೇಕಾದ ಸಂಕಟವನ್ನು ಜಿಲ್ಲೆಯ ಶೇಕಡಾವಾರು ಫಲಿತಾಂಶ ತೋರಿಸುವುದಿಲ್ಲ.

ಅಂಕದ ಪಕ್ಕದಲ್ಲಿ ಹಾಜರಿ ಪುಸ್ತಕವನ್ನೂ ತೆರೆದಿಡಬೇಕು. ಇದು ತೊಗರಿಯ ನಾಡು. ಡಿಸೆಂಬರ್-ಜನವರಿಯ ರಾಶಿ ಕಾಲದಲ್ಲಿ ಹೊಲದ ಕೆಲಸ ಮಕ್ಕಳನ್ನೂ ಎಳೆದುಕೊಳ್ಳುತ್ತದೆ. ಚಿಂಚೋಳಿ, ಸೇಡಂ ಭಾಗದ ತಾಂಡಾಗಳಿಂದ ಮುಂಬೈ, ಪುಣೆ, ಹೈದರಾಬಾದಿಗೆ ದುಡಿಯಲು ಹೋಗುವ ಕುಟುಂಬಗಳು ಮಕ್ಕಳನ್ನು ಜೊತೆಗೊಯ್ಯುವುದೂ ಉಂಟು. ಒಂದು ಪರೀಕ್ಷೆಗೆ ಗೈರಾದ ಮಗುವಿನ ಅಂಕದ ಜಾಗ ಖಾಲಿ ಉಳಿಯುತ್ತದೆ. ಸರಾಸರಿ ತೆಗೆಯುವಾಗ ಆ ಖಾಲಿ ಜಾಗ ಲೆಕ್ಕಕ್ಕೇ ಬರುವುದಿಲ್ಲ. ಎಲ್ಲರಿಗಿಂತ ಹೆಚ್ಚು ನೆರವು ಬೇಕಾದದ್ದು ಬಹುಶಃ ಅದಕ್ಕೇ.

ಮುಂದಿನ ಹಂತ ಕಾರಣ ತಿಳಿಯುವುದು. ಗಣಿತದಲ್ಲಿ 15 ಅಂಕ ಪಡೆದ ಇಬ್ಬರ ತೊಂದರೆ ಒಂದೇ ಆಗಿರಬೇಕಿಲ್ಲ. ಉತ್ತರಪತ್ರಿಕೆಯನ್ನು ಪ್ರಶ್ನೆವಾರು ನೋಡಿದರೆ ಒಬ್ಬನಿಗೆ ಗುಣಾಕಾರವೇ ತಪ್ಪುತ್ತಿರಬಹುದು. ಇನ್ನೊಬ್ಬಳು ಲೆಕ್ಕ ಬಲ್ಲವಳಾದರೂ ವಾಕ್ಯರೂಪದ ಸಮಸ್ಯೆಯನ್ನು ಮುಟ್ಟಿಯೇ ಇರಲಿಕ್ಕಿಲ್ಲ. ಮನೆಯಲ್ಲಿ ಲಂಬಾಣಿ, ತೆಲುಗು ಅಥವಾ ದಖನಿ ಮಾತನಾಡಿ ಕನ್ನಡ ಮಾಧ್ಯಮದಲ್ಲಿ ಓದುವ ಮಕ್ಕಳು ಈ ಭಾಗದಲ್ಲಿ ಕಡಿಮೆಯೇನಿಲ್ಲ. ಮೊದಲನೆಯವನಿಗೆ ಗಣಿತದ ಪರಿಹಾರ ಬೋಧನೆ ಬೇಕು. ಎರಡನೆಯವಳಿಗೆ ಬೇಕಾದದ್ದು ಓದುವ ಅಭ್ಯಾಸ. ಇಬ್ಬರನ್ನೂ ಸಂಜೆಯ ಒಂದೇ ವಿಶೇಷ ತರಗತಿಗೆ ಕೂರಿಸಿದರೆ ಪ್ರಯೋಜನ ಅಷ್ಟಕ್ಕಷ್ಟೆ. ಅದರಲ್ಲೂ ಕೊನೆಯ ಬಸ್ಸು ತಪ್ಪಿದರೆ ಊರು ಸೇರಲಾಗದ ಹುಡುಗಿಯರಿಗೆ ಸಂಜೆಯ ತರಗತಿ ಇದ್ದೂ ಇಲ್ಲದಂತೆ. ಬೆಳಗಿನ ಅಥವಾ ಮಧ್ಯಾಹ್ನದ ಅವಧಿಯನ್ನೇ ಅದಕ್ಕೆ ಹೊಂದಿಸಬೇಕಾಗುತ್ತದೆ.

ಎಂಟು, ಒಂಬತ್ತನೇ ತರಗತಿಗಳಿಗೆ ರಾಜ್ಯಮಟ್ಟದ ಪ್ರಶ್ನೆಪತ್ರಿಕೆ ಕೊಟ್ಟು ಮೊದಲೇ ಅಳೆಯುವ ಯತ್ನವನ್ನು ಸರ್ಕಾರ ಮಾಡಿತ್ತು. ಪ್ರಕರಣ ನ್ಯಾಯಾಲಯದ ಮೆಟ್ಟಿಲೇರಿ, 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಫಲಿತಾಂಶ ಪ್ರಕಟಣೆಗೆ ತಡೆ ನೀಡಿತು. ಮಕ್ಕಳನ್ನು ಗುರುತಿಸಲು ಅಂಥ ಪರೀಕ್ಷೆಯೇ ಬೇಕೆಂದಿಲ್ಲ. ಒಂಬತ್ತನೇ ತರಗತಿಯ ಮೊದಲ ಸಂಕಲನಾತ್ಮಕ ಪರೀಕ್ಷೆಯ ಉತ್ತರಪತ್ರಿಕೆಗಳು, ಎರಡು ಎಫ್‌ಎ ಅಂಕಗಳು, ಹಾಜರಿ ಪುಸ್ತಕ ಇಷ್ಟಿದ್ದರೆ ತರಗತಿ ಶಿಕ್ಷಕರು ದಸರಾ ರಜೆ ಮುಗಿಯುವ ಹೊತ್ತಿಗೆ ಪಟ್ಟಿ ಮಾಡಬಹುದು. ವರ್ಷಾರಂಭದ ಸೇತುಬಂಧ ಪರೀಕ್ಷೆ ಪ್ರಾಮಾಣಿಕವಾಗಿ ನಡೆದಿದ್ದರೆ ಇನ್ನೂ ಮೊದಲೇ ಸಾಧ್ಯ.

ಪಟ್ಟಿ ಶಿಕ್ಷಕರ ಕೈಯಲ್ಲೇ ಇರಬೇಕು, ಸೂಚನಾ ಫಲಕದಲ್ಲಲ್ಲ. ‘ದಡ್ಡರ ಸಾಲು’ ಎಂಬ ಹೆಸರು ಬಿದ್ದ ಮಗು ಶಾಲೆಗೆ ಬರುವುದನ್ನೇ ನಿಲ್ಲಿಸೀತು. ಫಲಿತಾಂಶದ ಒತ್ತಡವಿರುವ ಶಾಲೆ ದುರ್ಬಲರನ್ನು ಗುರುತಿಸಿ ಟಿ.ಸಿ. ಕೊಟ್ಟು ಕಳುಹಿಸುವ ಅಪಾಯವೂ ಇಲ್ಲದಿಲ್ಲ. ಪಟ್ಟಿಯಲ್ಲಿದ್ದ ಎಷ್ಟು ಮಕ್ಕಳು ಪರೀಕ್ಷೆಗೆ ನೋಂದಾಯಿಸಿಕೊಂಡರು ಎಂಬುದನ್ನು ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿ ಹೋಲಿಸಿ ನೋಡಿದರೆ ಅದು ಬಯಲಾಗುತ್ತದೆ.