ಕಂಪನಯಂತ್ರದ ಚರಿತ್ರೆ

ಎಲೆಕ್ಟ್ರಾನಿಕ್ ಸಿಟಿಯಲ್ಲಿ ಉದ್ಯೋಗದಲ್ಲಿರುವ ಹಳೆಯ ವಿದ್ಯಾರ್ಥಿನಿಯೊಬ್ಬಳು ಮೊನ್ನೆ ಸಂಕೋಚದಿಂದ ಕೇಳಿದಳು: "ಟೀಚರ್, ಹೆಂಗಸರು ವೈಬ್ರೇಟರ್ ಕೊಳ್ಳುವುದು ಅಪರಾಧವೇ?" ಸಂತಾನೋತ್ಪತ್ತಿಯ ಪಾಠವನ್ನು ತರಗತಿಯಲ್ಲಿ ನಾನೇ ಅವಸರದಲ್ಲಿ ಮುಗಿಸಿದ್ದು ನೆನಪಾಯಿತು. ಆ ಬಾಕಿಯನ್ನು ಇಲ್ಲಿ ತೀರಿಸುತ್ತಿದ್ದೇನೆ.

1880ರ ದಶಕದಲ್ಲಿ ಇಂಗ್ಲೆಂಡಿನ ವೈದ್ಯ ಮಾರ್ಟಿಮರ್ ಗ್ರ್ಯಾನ್‌ವಿಲ್ ವಿದ್ಯುತ್ ಕಂಪನಯಂತ್ರವನ್ನು ರೂಪಿಸಿದ್ದು ನರಗಳ ನೋವಿಗಾಗಿ. ಸ್ತ್ರೀಯರಿಗೆ ಆ ಚಿಕಿತ್ಸೆ ನೀಡುವುದನ್ನು ತಾನು ತಪ್ಪಿಸಿದ್ದಾಗಿ 1883ರ ಗ್ರಂಥದಲ್ಲಿ ಆತನೇ ಬರೆದಿದ್ದಾನೆ. ವೈದ್ಯರು 'ಹಿಸ್ಟೀರಿಯಾ' ನಿವಾರಣೆಗೆ ಅದನ್ನು ಬಳಸುತ್ತಿದ್ದರೆಂಬ ಕಥೆ ರೇಚಲ್ ಮೇನ್ಸ್ ಅವರ 1999ರ ಪುಸ್ತಕದಿಂದ ಹಬ್ಬಿತು. 2018ರಲ್ಲಿ ಇಬ್ಬರು ಸಂಶೋಧಕರು ಆಕರಗಳನ್ನು ಪರಿಶೀಲಿಸಿ, ಅದಕ್ಕೆ ಆಧಾರವಿಲ್ಲವೆಂದು ತೋರಿಸಿದರು.

ನಮ್ಮ ದೇಶದಲ್ಲಿ ಸುಂಕಾಧಿಕಾರಿಗಳು 1964ರ ಅಧಿಸೂಚನೆಯನ್ನು ಹಿಡಿದು 'ಬಾಡಿ ಮಸಾಜರ್'ಗಳನ್ನು ಅಶ್ಲೀಲ ವಸ್ತುಗಳೆಂದು ತಡೆದರು. 2024ರ ಮಾರ್ಚ್‌ನಲ್ಲಿ ಬಾಂಬೆ ಹೈಕೋರ್ಟ್ ಆ ವಾದವನ್ನು ಒಪ್ಪಲಿಲ್ಲ. ಕಾನೂನಿನ ನಿರ್ಬಂಧವಿರುವುದು ಅಶ್ಲೀಲ ವಸ್ತುಗಳ ಮಾರಾಟ, ಪ್ರದರ್ಶನಗಳಿಗೆ. ಮನೆಯೊಳಗಿನ ಖಾಸಗಿ ಬಳಕೆಗಲ್ಲ.

ಆಯ್ಕೆಯ ಮಾತು ಇಷ್ಟೇ: ಸೂಕ್ಷ್ಮ ರಂಧ್ರಗಳಿಲ್ಲದ ಸಿಲಿಕೋನ್‌ನದಾಗಿರಲಿ, ಚಿಕ್ಕದಿರಲಿ, ವೇಗವನ್ನು ತಗ್ಗಿಸುವಂತಿರಲಿ. ಜೊತೆಗೆ ನೀರು ಆಧಾರಿತ ಲೂಬ್ರಿಕೆಂಟ್ ಸಾಕು. ಪ್ರತಿ ಸಲವೂ ತೊಳೆದಿಡಬೇಕು. ನೋವಾದರೆ ಸ್ತ್ರೀರೋಗ ತಜ್ಞರನ್ನು ಕಾಣಬೇಕು.

ತನ್ನ ದೇಹವನ್ನು ತಾನು ಅರಿಯುವುದು ನಾಚಿಕೆಗೇಡಲ್ಲ, ಮಗಳೇ. ಅಂದು ತರಗತಿಯಲ್ಲೇ ಹೇಳಬೇಕಿತ್ತು.